ಗುಡ್ಡಗಾಡು ಓಟವೂ ನಾಲ್ಕು ಮನೆಯ ಕಾಫಿಯೂ

ಓಡುವುದು ನನಗೆ ಹುಟ್ಟಿನಿಂದಲೂ ಒಲಿಯದ ವಿದ್ಯೆ. ಬಸ್ಸು ಹೊರಟು ನಿಂತರೂ ನಾನು ಓಡಿದವಳಲ್ಲ. ನಮ್ಮ ಕಡೆಯ ಡ್ರೈವರುಗಳಲ್ಲಿ ಅರ್ಧ ಜನ ಒಂದಲ್ಲ ಒಂದು ಕಾಲದಲ್ಲಿ ನನ್ನ ಕೈಲಿ ಕಿವಿ ಹಿಂಡಿಸಿಕೊಂಡವರೇ ಆದ್ದರಿಂದ ಅವರೇ ಕಾಯುತ್ತಿದ್ದರು. ಹಲ್ಲಿದ್ದವರಿಗೆ ಕಡಲೆ ಇಲ್ಲ, ಕಡಲೆ ಇದ್ದವರಿಗೆ ಹಲ್ಲಿಲ್ಲ ಅನ್ನುತ್ತಾರಲ್ಲ, ಹಾಗೆ ಇಂಥ ನನ್ನ ಕೊರಳಿಗೆ ಶಾಲೆಯ ಕ್ರೀಡಾ ಉಸ್ತುವಾರಿ ಗಂಟುಬಿತ್ತು, ಒಂದಲ್ಲ ಎರಡಲ್ಲ, ಒಂಬತ್ತು ವರ್ಷ. ಗಂಟುಬಿದ್ದ ಬಗೆಯನ್ನೂ ಹೇಳಿಬಿಡುತ್ತೇನೆ. ವರ್ಷದ ಮೊದಲ ಮೀಟಿಂಗಿನಲ್ಲಿ ಯಾರಿಗೆ ಯಾವ ಕೆಲಸ ಎಂದು ಹಂಚುತ್ತಿದ್ದರು. 'ಟೀಚರೇ, ಎಲ್ಲರಿಗೂ ಒಂದೊಂದು ಲೋಟ ಕಾಫಿ ಆಗಿದ್ರೆ' ಎಂದು ಹೆಡ್‌ಮಾಸ್ಟರು ರಾಗ ಎಳೆದರು. ಆಗುವುದಿಲ್ಲ ಎನ್ನುವ ಮಾತು ನನ್ನ ಬಾಯಲ್ಲಿ ಬರುವುದೇ ಇಲ್ಲ. ಎದ್ದು ಒಳಗೆ ಹೋದೆ. ಕಾಫಿ ಸೋಸಿ ತರುವಷ್ಟರಲ್ಲಿ ಸಂಗೀತ, ನಾಟಕ, ಕೈತೋಟ ಎಲ್ಲ ಬಟವಾಡೆಯಾಗಿ ಉಳಿದದ್ದು ಆಟ ಒಂದೇ. ಹಾಗೆ ನಾನು ಪಿ.ಟಿ. ಟೀಚರಾದೆ. ಆಟದ ಪೀರಿಯಡ್ಡಿನಲ್ಲಿ ಮಕ್ಕಳಿಂದ ಅಂಗಳದ ಕಳೆ ಕೀಳಿಸಿದೆ, ಮಗ್ಗಿ ಹೇಳಿಸಿದೆ, ಮಳೆ ಬಂದರೆ ಅಂತ್ಯಾಕ್ಷರಿ ಆಡಿಸಿದೆ. ಡೈರಿಯಲ್ಲಿ ಮಾತ್ರ ಒಂಬತ್ತು ವರ್ಷವೂ ತಪ್ಪದೆ 'ಲಘು ವ್ಯಾಯಾಮ' ಎಂದು ಬರೆದೆ. ಸುಳ್ಳೇನಲ್ಲ, ಕಳೆ ಕಿತ್ತವರಿಗೆ ಗೊತ್ತು ಅದೆಂಥ ವ್ಯಾಯಾಮ ಎಂದು.

ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ಬಸ್ಸು ಹತ್ತಿ, ನಡುವೆ ಒಂದು ಕಡೆ ಇಳಿದು, ಎರಡು ಎಸ್ಟೇಟುಗಳ ಮಧ್ಯದ ಮಣ್ಣುದಾರಿಯಲ್ಲಿ ಅರ್ಧ ಗಂಟೆ ನಡೆದರೆ ನಮ್ಮ ಶಾಲೆ. ಮೊಬೈಲಿನ ಸಿಗ್ನಲ್ಲು ಇನ್ನೂ ಪೇಟೆ ಬಿಟ್ಟು ಈಚೆಗೆ ಬಾರದ ಕಾಲ ಅದು. ಏಳನೇ ಕ್ಲಾಸಿನವರೆಗೆ ಮಕ್ಕಳು, ನಾಲ್ಕು ಜನ ಶಿಕ್ಷಕರು, ಮೂರು ಕೋಣೆ. ಆಟದ ಸಾಮಾನು ಎಂದರೆ ಒಂದು ಹಗ್ಗ, ಎರಡು ರಿಂಗು ಮತ್ತು ಗಾಳಿ ಹೋದ ಒಂದು ವಾಲಿಬಾಲು. ಆ ವಾಲಿಬಾಲನ್ನು ನಾವು ಭೂಗೋಳದ ಪಾಠಕ್ಕೆ ಬಳಸುತ್ತಿದ್ದೆವು. ಅಂಥ ಶಾಲೆಗೆ ಒಂದು ಜೂನ್ ತಿಂಗಳಲ್ಲಿ ಹಾಲೆಂಡಿನಿಂದ ಆಟ ಕಲಿಸುವವಳು ಬಂದಳು. ಹೆಸರು ಮಾರ್ಲೀಸ್, ವಯಸ್ಸು ಇಪ್ಪತ್ನಾಲ್ಕು, ಎತ್ತರ ನಮ್ಮ ಬಾಗಿಲಿಗಿಂತ ಎರಡು ಬೆರಳು ಹೆಚ್ಚು. ಹೊರದೇಶದ ಬಡ ಶಾಲೆಗಳಿಗೆ ಹೋಗಿ ಸಂಬಳವಿಲ್ಲದೆ ಮಕ್ಕಳಿಗೆ ಆಟ ಹೇಳಿಕೊಡುವ ಸಂಘವೊಂದು ಅವಳನ್ನು ಕಳಿಸಿತ್ತು. ಪಕ್ಕದ ಎಸ್ಟೇಟಿನ ನಾಗೇಶಗೌಡರು ತಮ್ಮ ಬಂಗಲೆಯ ಹೊರಕೋಣೆಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ನಾಲ್ಕು ತಿಂಗಳು ಇರುವವಳು. 'ಸಂಬಳ ಇಲ್ದೆ ಸಮುದ್ರ ದಾಟಿ ಬಂದಿದಾರೆ ಅಂದ್ರೆ ಏನೋ ಹರಕೆ ಇರ್ಬೇಕು ಟೀಚರೇ' ಎಂದರು ಹೆಡ್‌ಮಾಸ್ಟರು. ನಮಗೆ ತಿಳಿದ ಮಟ್ಟಿಗೆ ಅಷ್ಟು ದೂರ ಬರಿಗೈಯಲ್ಲಿ ಹೋಗುವುದು ಹರಕೆಗೆ ಮಾತ್ರ.

ಅವಳು ಬರಿಗೈಯಲ್ಲೇನೂ ಬಂದಿರಲಿಲ್ಲ. ಒಂದು ಚೀಲದ ತುಂಬ ಫುಟ್ಬಾಲು ತಂದಿದ್ದಳು. ಆದರೆ ನಮ್ಮ ಮೈದಾನವನ್ನು ಮೈದಾನ ಎಂದು ಕರೆಯುವುದು ದಾಕ್ಷಿಣ್ಯಕ್ಕೆ. ಅದೊಂದು ಇಳಿಜಾರು. ಮೇಲಿನ ತುದಿಯಲ್ಲಿ ಬಾವುಟದ ಕಂಬ, ಕೆಳಗಿನ ತುದಿಯಲ್ಲಿ ಗೌಡರ ಬೇಲಿ, ಬೇಲಿಯಾಚೆ ಕಾಫಿ ಗಿಡ, ಅದರಾಚೆ ಹಳ್ಳ. ಚೆಂಡನ್ನು ಯಾರು ಯಾವ ಕಡೆ ಒದ್ದರೂ ಅದು ಹೋಗುವುದು ಹಳ್ಳದ ಕಡೆಗೇ. ಕೆಳಗಿನ ತಂಡದವರಿಗೆ ಗೋಲು ಬಿಟ್ಟುಕೊಡುವುದೊಂದೇ ಕೆಲಸ. ಒಂದು ವಾರದಲ್ಲಿ ಚೀಲ ಖಾಲಿಯಾಯಿತು. ಜೂನ್ ತಿಂಗಳ ಹಳ್ಳ ಕೇಳಬೇಕೆ, ಆ ಚೆಂಡುಗಳು ಅಷ್ಟು ಹೊತ್ತಿಗೆ ಭದ್ರಾ ನದಿ ಸೇರಿರಬೇಕು. ಅವಳು ಸೊಂಟದ ಮೇಲೆ ಕೈಯಿಟ್ಟುಕೊಂಡು ಬೇಲಿಯ ಹತ್ತಿರ ಬಹಳ ಹೊತ್ತು ನಿಂತಿದ್ದಳು. ಅವಳ ಊರಿನಲ್ಲಿ ಗುಡ್ಡ ಎನ್ನುವ ಪದಾರ್ಥವೇ ಇಲ್ಲವಂತೆ, ಚೆಂಡು ಇಟ್ಟಲ್ಲೇ ಇರುತ್ತದಂತೆ. ಕೊನೆಗೆ ತಿರುಗಿ ನನ್ನನ್ನು ನೋಡಿ, 'ಸಾಮಾನು ಬೇಡದ, ಸಮತಟ್ಟು ಬೇಡದ ಆಟ ಒಂದೇ ಇದೆ. ನಾಳೆಯಿಂದ ಓಡೋಣ' ಎಂದಳು. ಇಲ್ಲಿನ ಮಕ್ಕಳ ಕಾಲು ನೋಡಿದ ಮೇಲೆ ಅವಳಿಗೆ ಬೇರೆ ಏನೂ ಕಾಣಿಸುತ್ತಿಲ್ಲ ಎಂದಳು. ನಾನು ತಲೆಯಾಡಿಸಿದೆ. ಅವಳು ಓಡುತ್ತಾಳೆ, ಮಕ್ಕಳು ಓಡುತ್ತಾರೆ, ನಾನು ಬಾಗಿಲಲ್ಲಿ ನಿಂತು ಕಳಿಸಿಕೊಡುತ್ತೇನೆ ಎಂದುಕೊಂಡಿದ್ದೆ.

ಹೆಡ್‌ಮಾಸ್ಟರು ಬಿಡಬೇಕಲ್ಲ. 'ಅವರಿಗೆ ಕನ್ನಡ ಬರಲ್ಲ, ಮಕ್ಕಳಿಗೆ ಇಂಗ್ಲಿಷ್ ಬರಲ್ಲ. ಮಧ್ಯದಲ್ಲಿ ನೀವು ಇರ್ಬೇಕಾಗ್ತದೆ ಟೀಚರೇ' ಎಂದರು. ಮರುದಿನ ಬೆಳಿಗ್ಗೆ ಆರೂವರೆಗೆ ನಾನು ನಿಜಕ್ಕೂ ಮಧ್ಯದಲ್ಲಿದ್ದೆ. ಮುಂದೆ ಮಾರ್ಲೀಸ್, ಹಿಂದೆ ಒಂಬತ್ತು ಮಕ್ಕಳು, ನಡುವೆ ಸೀರೆಯನ್ನು ಗೆಣ್ಣಿನ ಮೇಲಕ್ಕೆ ಎತ್ತಿ ಕಟ್ಟಿ, ರಕ್ತ ಹೀರುವ ಇಂಬಳ ಹತ್ತದ ಹಾಗೆ ನಮ್ಮ ಯಜಮಾನರ ಉದ್ದ ಕಾಲುಚೀಲ ಹಾಕಿ, ಕ್ಯಾನ್ವಾಸ್ ಬೂಟು ತೊಟ್ಟ ನಾನು. ನನಗಾಗ ನಲವತ್ತೆರಡು. ಒಮ್ಮೆ ಗೌಡರ ಎಸ್ಟೇಟಿನ ತೂಕದ ಕಾಟಾದ ಮೇಲೆ ಸುಮ್ಮನೆ ಹತ್ತಿ ನಿಂತಾಗ ಅಲ್ಲಿ ಲೆಕ್ಕ ಬರೆಯುವ ರೈಟರು ಕಣ್ಣರಳಿಸಿ, 'ಈ ಸಲ ಫಸಲು ಚೆನ್ನಾಗಿದೆ ಟೀಚರೇ' ಎಂದಿದ್ದ. ಅಂಥ ಫಸಲನ್ನು ಹೊತ್ತುಕೊಂಡು ಗುಡ್ಡದ ಏರಿಯ ಮೇಲೆ ಓಡುವುದೆಂದರೇನು? ಇನ್ನು ನಮ್ಮ ಊರಿನಲ್ಲಿ ಕಾರಣವಿಲ್ಲದೆ ಯಾರೂ ಓಡುವುದಿಲ್ಲ. ಹೀಗೆ ಒಂದು ಹಿಂಡು ಬೆಳಬೆಳಿಗ್ಗೆ ಓಡುತ್ತಿರುವುದನ್ನು ಕಂಡು ಕೆಲಸಕ್ಕೆ ಹೊರಟಿದ್ದ ಇಬ್ಬರು ಆಳುಗಳು ಬುತ್ತಿ ಬಿಸಾಕಿ ನಮ್ಮ ಜೊತೆಗೇ ಓಡತೊಡಗಿದರು. ಒಂದು ಫರ್ಲಾಂಗು ಓಡಿದ ಮೇಲೆ ಒಬ್ಬ ನನ್ನ ಪಕ್ಕಕ್ಕೆ ಬಂದು, 'ಒಂಟಿಯಾ ಟೀಚರೇ, ಮರಿ ಇದೆಯಾ?' ಎಂದು ಕೇಳಿದ. ಆನೆಯಲ್ಲ, ವ್ಯಾಯಾಮ ಎಂದು ಹೇಳಲು ನನ್ನಲ್ಲಿ ಉಸಿರಿರಲಿಲ್ಲ. ಕೈಸನ್ನೆ ಮಾಡಿದೆ. ಅದನ್ನು ಹೇಗೆ ಅರ್ಥ ಮಾಡಿಕೊಂಡನೋ, ಇನ್ನೂ ಜೋರಾಗಿ ಓಡಿದ.

ಮೊದಲ ಏರಿಯ ನೆತ್ತಿಯಲ್ಲಿ ಲಕ್ಷ್ಮಕ್ಕನ ಮನೆ. ಆಕೆ ಅಂಗಳ ಗುಡಿಸುತ್ತಿದ್ದವಳು ಪೊರಕೆ ಹಿಡಿದೇ ರಸ್ತೆಗೆ ಬಂದಳು. 'ಎಂತ ಆಯ್ತು ಟೀಚರೇ? ಯಾರಿಗಾದ್ರೂ ಹುಷಾರಿಲ್ವಾ?' ಎಂದಳು. ಯಾರಿಗೂ ಏನೂ ಆಗಿಲ್ಲ, ಸುಮ್ಮನೆ ಓಡುತ್ತಿದ್ದೇವೆ ಎಂದು ತಿಳಿದ ಮೇಲೆ ನನ್ನ ಮುಖ ನೋಡಿ ಆಕೆಗೆ ಕರುಳು ಚುರ್ರೆಂದಿರಬೇಕು. 'ಸುಮ್ನೆ ಓಡೋದಕ್ಕೆ ಇಷ್ಟು ಕಷ್ಟಪಡೋದ್ಯಾಕೆ, ಬನ್ನಿ, ಒಂದ್ಲೋಟ ಕಾಫಿ ಕುಡ್ದು ಹೋಗಿ' ಎಂದಳು. ಆ ಕ್ಷಣದಲ್ಲಿ ಲಕ್ಷ್ಮಕ್ಕ ನನ್ನ ಕಣ್ಣಿಗೆ ಹೊರನಾಡಿನ ಅಮ್ಮನವರಂತೆಯೇ ಕಂಡಳು. ಮಾರ್ಲೀಸ್ ಮುಂದೆ ಓಡುತ್ತಲೇ ಇದ್ದಳು. ಕೂಗಿ ನಿಲ್ಲಿಸಿ, ಇದ್ದ ಉಸಿರನ್ನೆಲ್ಲ ಒಟ್ಟುಗೂಡಿಸಿ ಇಂಗ್ಲಿಷಿನಲ್ಲಿ ಹೇಳಿದೆ: ನಮ್ಮ ಸೀಮೆಯಲ್ಲಿ ಮನೆಯವರು ಕಾಫಿಗೆ ಕರೆದರೆ ಹೋಗದೆ ಇರುವಂತಿಲ್ಲ, ಹೋಗದಿದ್ದರೆ ಅವರ ಮನಸ್ಸಿಗೆ ಬಹಳ ನೋವಾಗುತ್ತದೆ. ಮಕ್ಕಳಿಗೂ ಅದನ್ನೇ ಕನ್ನಡದಲ್ಲಿ ಹೇಳಿದೆ. ಇದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಆ ದಿನ ನೋವಿದ್ದದ್ದು ನನ್ನ ಪಕ್ಕೆಯಲ್ಲಿ. ಅವಳು ಗಂಭೀರವಾಗಿ ತಲೆಯಾಡಿಸಿ, ಕೊರಳಲ್ಲಿ ನೇತುಹಾಕಿಕೊಂಡಿದ್ದ ಸ್ಟಾಪ್‌ವಾಚನ್ನು ಒತ್ತಿ ನಿಲ್ಲಿಸಿ ಒಳಗೆ ಬಂದಳು. ಚಪ್ಪಲಿ ಬೂಟು ಹೊರಗೆ ಬಿಟ್ಟು ಎಲ್ಲರೂ ಜಗಲಿಯಲ್ಲಿ ಸಾಲಾಗಿ ಕೂತೆವು. ಬೆಲ್ಲದ ಕಾಫಿ, ಜೊತೆಗೆ ಹಲಸಿನ ಹಪ್ಪಳ. ಕಾಲು ಗಂಟೆಯ ಮೇಲೆ ಎದ್ದಾಗ ನನಗೆ ಪುನರ್ಜನ್ಮ ಬಂದಿತ್ತು. ಅವಳು ವಾಚನ್ನು ಮತ್ತೆ ಒತ್ತಿದಳು, ನಾವು ಮತ್ತೆ ಓಡಿದೆವು.

ಇಷ್ಟಕ್ಕೇ ನಿಲ್ಲಿಸಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಅಂದು ಸಂಜೆ ನಾನೊಂದು ಕೆಲಸ ಮಾಡಿದೆ. ಓಟದ ದಾರಿಯನ್ನು ಮನಸ್ಸಿನಲ್ಲೇ ಅಳೆದು, ಎಲ್ಲೆಲ್ಲಿ ಏರಿ ಮುಗಿಯುತ್ತದೋ ಅಲ್ಲಲ್ಲಿ ಯಾರ ಮನೆ ಇದೆ ಎಂದು ಲೆಕ್ಕಹಾಕಿ, ಒಟ್ಟು ನಾಲ್ಕು ಮನೆಗೆ ಮಕ್ಕಳ ಕೈಲಿ ಹೇಳಿಕಳಿಸಿದೆ, 'ಬೆಳಿಗ್ಗೆ ನಾವು ಹಾದುಹೋಗುವಾಗ ಸ್ವಲ್ಪ ಕರೀಬೇಕಂತೆ' ಎಂದು. ಕರೆಯಲು ನಮ್ಮ ಕಡೆ ಯಾರಿಗೂ ಎರಡು ಸಲ ಹೇಳಬೇಕಿಲ್ಲ. ಮಾರನೆಯ ದಿನದಿಂದ ನಾಲ್ಕೂ ಮನೆಯವರು ರಸ್ತೆಗೇ ಬಂದು ನಿಂತರು. ಒಬ್ಬರ ಮನೆಯಲ್ಲಿ ಹಪ್ಪಳ ಕೊಟ್ಟರೆಂದು ತಿಳಿದು ಇನ್ನೊಬ್ಬರು ಅಕ್ಕಿರೊಟ್ಟಿ ಮಾಡಿದರು, ಅವರು ರೊಟ್ಟಿ ಮಾಡಿದರೆಂದು ಮತ್ತೊಬ್ಬರು ಕಡುಬು. ಸುದ್ದಿ ಎಸ್ಟೇಟಿನ ಆಳುಗಳ ಲೈನು ಮನೆಗಳಿಗೂ ಮುಟ್ಟಿ, ಒಂಬತ್ತು ಮಕ್ಕಳಿದ್ದ ಓಟಕ್ಕೆ ತಿಂಗಳೊಳಗೆ ಇಡೀ ಐದು, ಆರು, ಏಳನೇ ಕ್ಲಾಸು ಬಂತು. ಮೂರು ಕಿಲೋಮೀಟರಿನ ದಾರಿಗೆ ನಾವು ಆರೂವರೆಗೆ ಹೊರಟರೆ ಪ್ರಾರ್ಥನೆಯ ಗಂಟೆಗೆ ಸರಿಯಾಗಿ ಮುಟ್ಟುತ್ತಿದ್ದೆವು. ಆದರೆ ಮಾರ್ಲೀಸ್ ದಿನಾ ಟೈಮು ಬರೆದಿಡುತ್ತಿದ್ದ ಪುಸ್ತಕದಲ್ಲಿ ಅದೊಂದೂ ಇರಲಿಲ್ಲ. ಪ್ರತಿ ಮನೆಯ ಮುಂದೆ ಅವಳು ವಾಚು ನಿಲ್ಲಿಸುತ್ತಿದ್ದಳು, ಎದ್ದ ಮೇಲೆ ಮತ್ತೆ ಚಾಲೂ ಮಾಡುತ್ತಿದ್ದಳು. ಏರಿ ಏರಿಗೂ ಕೂತು, ತಿಂದು, ಸುಧಾರಿಸಿಕೊಂಡ ಮಕ್ಕಳು ಮುಂದಿನ ಏರಿಯನ್ನು ಜಿಂಕೆಗಳಂತೆ ಹತ್ತುತ್ತಿದ್ದವು. ಅದರಲ್ಲೂ ಎಸ್ಟೇಟಿನ ಮೇಸ್ತ್ರಿಯ ಮಗಳು ಸುಮಿತ್ರ, ಆರನೇ ಕ್ಲಾಸು, ಕಡ್ಡಿಯಂಥ ಹುಡುಗಿ. ಅವಳ ಟೈಮು ನೋಡಿ ಮಾರ್ಲೀಸ್ ವಾಚನ್ನು ಕಿವಿಗಿಟ್ಟು ಅಲ್ಲಾಡಿಸುತ್ತಿದ್ದಳು. ಈ ವಯಸ್ಸಿನ ಮಗು ಇಷ್ಟು ಬೇಗ ಓಡಿದ್ದನ್ನು ತಾನು ಕಂಡೇ ಇಲ್ಲ ಎಂದು ಊರಿಗೆ ಕಾಗದ ಬರೆದಳಂತೆ.

ವಿದೇಶಿ ಹೆಣ್ಣುಮಗಳನ್ನು ನೋಡಲು ಹೋಬಳಿಯ ಸ್ಕೂಲ್ ಇನ್ಸ್‌ಪೆಕ್ಟರು ಬಂದದ್ದು ಆಗಲೇ. ಅವಳ ಪುಸ್ತಕ ನೋಡಿ ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಹೋಗುವಾಗ ಹೇಳಿದರು, 'ಟೀಚರ್, ನಿಮ್ಮ ಶಾಲೆಯಿಂದ ಈವರೆಗೆ ಒಂದು ಮಗುವೂ ಹೋಬಳಿ ದಾಟಿಲ್ಲ. ಈ ಸಲ ಒಂದೇ ಒಂದು ಮಗು ತಾಲ್ಲೂಕು ಮಟ್ಟಕ್ಕೆ ಬರಲಿ, ಪಿ.ಟಿ. ಮೇಷ್ಟ್ರ ಪೋಸ್ಟಿಗೆ ನಾನೇ ಕೈಯಾರೆ ಬರೀತೀನಿ.' ಈ ಮಾತು ಕೇಳಿ ನನಗಾದ ಸಂತೋಷವನ್ನು ಹೇಗೆ ಹೇಳಲಿ? ಪಿ.ಟಿ. ಮೇಷ್ಟ್ರು ಬಂದರೆ ಉಸ್ತುವಾರಿ ಅವರದು. ನನಗೆ ಕೈತೋಟ ಸಿಕ್ಕರೂ ಸಿಗಬಹುದು. ಕೂತು ಮಾಡುವ ಕೆಲಸ. ಅಂದಿನಿಂದ ಸುಮಿತ್ರಳ ಕಾಲುಗಳ ಮೇಲೆ ಅವಳ ತಾಯಿಗಿಂತ ನನಗೇ ಹೆಚ್ಚು ಕಾಳಜಿ. ಮುಳ್ಳು ಚುಚ್ಚೀತು ನೋಡಿ ನಡಿ, ನೆಗಡಿ ಆದೀತು ತಲೆ ಒರೆಸಿಕೋ ಎಂದು ಅವಳ ಹಿಂದೆಯೇ ಇದ್ದೆ. ರಾತ್ರಿ ದೇವರಿಗೆ ಕೈಮುಗಿಯುವಾಗ ನಮ್ಮ ಮಕ್ಕಳ ಹೆಸರಿನ ಜೊತೆಗೆ ಅವಳ ಹೆಸರನ್ನೂ ಸೇರಿಸಿದೆ. ಮಾರ್ಲೀಸಳಿಗೆ ಮಗು ಗೆಲ್ಲಬೇಕೆಂಬ ಆಸೆ, ನನಗೆ ಬಿಡುಗಡೆಯಾಗಬೇಕೆಂಬ ಆಸೆ. ಆಸೆ ಯಾವುದಾದರೇನು, ಇಬ್ಬರೂ ಬೇಡಿದ್ದು ಒಂದನ್ನೇ.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಹೊಳವಾದಾಗ ಹೋಬಳಿ ಕ್ರೀಡಾಕೂಟ ಬಂತು. ಹುಡುಗಿಯರ ಗುಡ್ಡಗಾಡು ಓಟ, ಮೂರು ಕಿಲೋಮೀಟರು. ಹೈಸ್ಕೂಲಿನ ಮೈದಾನದಿಂದ ಹೊರಟು ಊರಿನ ಹಿಂದಿನ ಗುಡ್ಡ ಹತ್ತಿ, ಅತ್ತ ಇಳಿದು, ಮತ್ತೆ ಮೈದಾನಕ್ಕೆ ಬರಬೇಕು. ಮೊದಲ ಇಬ್ಬರಿಗೆ ತಾಲ್ಲೂಕಿಗೆ ಹೋಗುವ ಅವಕಾಶ. ಸೀಟಿ ಊದಿದ್ದೇ ತಡ ಸುಮಿತ್ರ ಎಲ್ಲರನ್ನೂ ಹಿಂದೆ ಹಾಕಿ ತಿರುವಿನಲ್ಲಿ ಮರೆಯಾದಳು. ಸೈಕಲ್ಲಿನಲ್ಲಿ ಹಿಂದೆ ಹೋಗಿದ್ದ ಮೇಷ್ಟ್ರೊಬ್ಬರು ಅಡ್ಡದಾರಿಯಿಂದ ಬಂದು, 'ನಿಮ್ಮ ಹುಡುಗಿ ಏರಿ ಹತ್ತಿಯಾಯ್ತು, ಹಿಂದೆ ಕಣ್ಣಿಗೆ ಕಾಣೋವಷ್ಟು ದೂರ ಯಾರೂ ಇಲ್ಲ' ಎಂದರು. ಮಾರ್ಲೀಸ್ ನನ್ನ ಕೈಯನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದಳೆಂದರೆ ಎರಡು ಬಳೆ ಚೂರಾದವು. ನಾನು ಅಷ್ಟು ಹೊತ್ತಿಗಾಗಲೇ ಕೈತೋಟದಲ್ಲಿ ಬದನೆ ನೆಡುತ್ತಿದ್ದೆ, ಮನಸ್ಸಿನಲ್ಲಿ.

ತಿರುವಿನಲ್ಲಿ ಮೊದಲು ಕಾಣಿಸಿದ್ದು ಬಿಳಿ ಬೂಟಿನ ಬೇರೊಂದು ಹುಡುಗಿ. ಅದರ ಹಿಂದೆ ಇನ್ನೊಂದು. ಅವರಿಬ್ಬರೂ ಗೆರೆ ದಾಟಿ ಅವರವರ ಮೇಷ್ಟ್ರ ಮೈಮೇಲೆ ಬಿದ್ದು ಏದುಸಿರು ಬಿಡುತ್ತಿರುವಾಗ ಸುಮಿತ್ರ ಬಂದಳು. ಏದುಸಿರೂ ಇಲ್ಲ, ಬೆವರೂ ಇಲ್ಲ. ತೊಳೆದಿಟ್ಟ ಹಾಗಿದ್ದ ಮುಖ, ಕೈಯಲ್ಲಿ ಮೊಳಕೈಯುದ್ದದ ಒಂದು ಮುಳ್ಳುಸೌತೆ. ಗೆರೆ ದಾಟಿ ನೇರ ನನ್ನ ಹತ್ತಿರ ಬಂದು ಅದನ್ನು ನನ್ನ ಕೈಗಿಟ್ಟಳು. 'ಅಜ್ಜಿ ಕೊಟ್ರು ಟೀಚರ್, ನಿಮಗೆ ಕೊಡು ಅಂತ.' ಯಾವ ಅಜ್ಜಿ ಎಂದೆ. 'ಗುಡ್ಡದ ಮೇಲೆ ಮನೆ ಇದೆಯಲ್ಲ, ಅಲ್ಲಿ. ಬಾ ಮಗಾ, ಮಜ್ಜಿಗೆ ಕುಡ್ಕೊಂಡು ಹೋಗು ಅಂತ ಕರೆದ್ರು. ಕೂತು ಕುಡಿದೆ. ಲೋಟ ತೊಳೆದಿಟ್ಟು ಬಂದೆ ಟೀಚರ್' ಎಂದಳು. ಲೋಟ ತೊಳೆದಿಡಬೇಕೆಂದು ಹೇಳಿಕೊಟ್ಟದ್ದೂ ನಾನೇ.

ಮಾರ್ಲೀಸ್ ಮಂಡಿಯೂರಿ ಕೂತು, ಯಾಕೆ ನಿಂತೆ ಎಂದು ಅವಳನ್ನೇ ಕೇಳಿದಳು. ಅಷ್ಟು ಕನ್ನಡ ಅವಳಿಗೆ ಬರುತ್ತಿತ್ತು. ಸುಮಿತ್ರ ನನ್ನನ್ನು ನೋಡಿ, 'ಕರೆದಾಗ ಹೋಗದಿದ್ರೆ ಅವರಿಗೆ ಬೇಜಾರಾಗ್ತದೆ ಅಂತ ನೀವೇ ಹೇಳಿದ್ರಲ್ಲ ಟೀಚರ್. ಕುಡಿಯುವಾಗ ಮಿಸ್ಸು ವಾಚ್ ನಿಲ್ಲಿಸ್ತಾರಲ್ಲ, ಇನ್ನೆಂತ?' ಎಂದಳು. ತಾನು ಸೋತಿದ್ದೇನೆಂದು ಆ ಮಗುವಿಗೆ ಗೊತ್ತೇ ಇರಲಿಲ್ಲ. ಮಜ್ಜಿಗೆಯ ಹೊತ್ತನ್ನು ಕಳೆದರೆ ಅವಳೇ ಮೊದಲು ತಾನೆ? ಇಷ್ಟನ್ನು ಈಗ ನಾನು ಇಂಗ್ಲಿಷಿಗೆ ತರಬೇಕು. ನಮ್ಮ ಮೂವರಲ್ಲಿ ಎರಡೂ ಭಾಷೆ ಬರುವವಳು ನಾನೊಬ್ಬಳೇ. ಹೊಟ್ಟೆನೋವಂತೆ ಎಂದು ಹೇಳಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆಯ ತುದಿಗೂ ಬಂದಿತ್ತು. ಆದರೆ ಆ ಹುಡುಗಿ, ಟೀಚರು ಸರಿಯಾಗಿಯೇ ಹೇಳುತ್ತಾರೆ ಎಂಬ ನಂಬಿಕೆಯಿಂದ ನನ್ನನ್ನೇ ನೋಡುತ್ತಿದ್ದಳು. ನನಗೆ ನಾಚಿಕೆಯಾಯಿತು. ಮಾರ್ಲೀಸಳನ್ನು ಹುಣಸೆಮರದ ಬುಡಕ್ಕೆ ಕರೆದುಕೊಂಡು ಹೋಗಿ ಎಲ್ಲವನ್ನೂ ಹೇಳಿದೆ. ಲಕ್ಷ್ಮಕ್ಕ ಕರೆದದ್ದು ಮೊದಲ ದಿನ ಮಾತ್ರ ತಾನಾಗಿ, ಆಮೇಲೆ ನಾಲ್ಕು ಮನೆಯವರೂ ಕರೆದದ್ದು ನಾನು ಹೇಳಿಕಳಿಸಿದ್ದಕ್ಕೆ, ಅದೂ ನನ್ನ ಪಕ್ಕೆನೋವಿಗೆ, ಎಂದೆ.

ಅವಳು ಮೂರು ತಿಂಗಳು ಮಳೆಯಲ್ಲಿ ನೆಂದು, ಇಂಬಳಕ್ಕೆ ರಕ್ತ ಕೊಟ್ಟು ಕಲಿಸಿದವಳು. ಬೈದರೆ ಬೈಸಿಕೊಳ್ಳಲು ತಯಾರಾಗಿ ತಲೆ ತಗ್ಗಿಸಿ ನಿಂತಿದ್ದೆ. ಕೊನೆಗೆ ಅವಳು ನಿಧಾನವಾಗಿ ಹೇಳಿದಳು, 'ನನಗೆ ಕಾಫಿ ಸೇರುವುದಿಲ್ಲ. ಚಿಕ್ಕಂದಿನಿಂದಲೂ ಸೇರುವುದಿಲ್ಲ. ದಿನಕ್ಕೆ ನಾಲ್ಕು ಲೋಟ ಕುಡಿದೆ. ನಿಮ್ಮ ಪದ್ಧತಿ, ಬೇಡ ಅಂದರೆ ನಿಮಗೆ ನೋವಾಗುತ್ತದೆ ಅಂತ ಕುಡಿದೆ.' ಮೊದಲು ನಕ್ಕದ್ದು ಅವಳೇ. ಅವಳು ನಕ್ಕ ಮೇಲೆ ನನಗೂ ತಡೆಯಲಾಗಲಿಲ್ಲ. ಇಬ್ಬರೂ ನಗುತ್ತಿರುವುದನ್ನು ಕಂಡು ಸುಮಿತ್ರ ತಾನೇ ಗೆದ್ದಿದ್ದೇನೆಂದು ಖಾತ್ರಿ ಮಾಡಿಕೊಂಡಳು. ಗೂಡಂಗಡಿಯಿಂದ ಉಪ್ಪುಖಾರ ತಂದು ಮುಳ್ಳುಸೌತೆಯನ್ನು ಅಲ್ಲೇ ಹೋಳು ಮಾಡಿ ಮೂವರೂ ತಿಂದೆವು. ಎಳೆಯದು, ಚೆನ್ನಾಗಿತ್ತು. ಆಮೇಲೆ ಮಾರ್ಲೀಸ್ ಸುಮಿತ್ರಳನ್ನು ಕೂರಿಸಿಕೊಂಡು, ಸ್ಪರ್ಧೆಯ ವಾಚು ಯಾರಿಗೂ ನಿಲ್ಲುವುದಿಲ್ಲ ಎಂಬ ಸಂಗತಿಯನ್ನು ವಿವರಿಸಿದಳು. ಈ ಸಲ ಒಂದಕ್ಷರವನ್ನೂ ಬದಲಿಸದೆ ಕನ್ನಡಕ್ಕೆ ತಂದೆ. ಸುಮಿತ್ರ ಕಣ್ಣೊರೆಸಿಕೊಂಡಳು. ಆ ರಾತ್ರಿ ನನಗೆ ಊಟ ಸೇರಲಿಲ್ಲ. ನಾನು ಇಷ್ಟು ದಿನ ಯೋಚಿಸಿದ್ದು ನನ್ನ ಬಿಡುಗಡೆಯನ್ನು ಮಾತ್ರ, ಆ ಮಗುವಿಗೂ ಗೆಲ್ಲಬೇಕೆಂದಿತ್ತು ಎನ್ನುವುದು ಹೊಳೆದೇ ಇರಲಿಲ್ಲ.

ಅಕ್ಟೋಬರಿನಲ್ಲಿ ಮಾರ್ಲೀಸ್ ಹೊರಟಳು. ಸ್ಟಾಪ್‌ವಾಚನ್ನು ನನ್ನ ಕೊರಳಿಗೆ ಹಾಕಿ, ಬಸ್ಸು ಹತ್ತಿದಳು. ಇನ್ನು ಓಟ ನಿಂತಿತು ಎಂದುಕೊಂಡು ಮರುದಿನ ಹಾಯಾಗಿ ಹೊದ್ದು ಮಲಗಿದ್ದರೆ ಆರೂವರೆಗೆ ಗೇಟಿನ ಹತ್ತಿರ ಗಲಗಲ ಸದ್ದು. 'ಟೀಚರ್, ಹೋಗಾಣ' ಎಂದು ಇಡೀ ಹಿಂಡು ನಿಂತಿದೆ, ಮುಂದೆ ಸುಮಿತ್ರ. ಕಾಲುಚೀಲ ಹುಡುಕಿದೆ. ಆದರೆ ಈ ಸಲ ಒಂದು ನಿರ್ಧಾರ ಮಾಡಿದ್ದೆ. ನಾಲ್ಕೂ ಮನೆಗೆ ಖುದ್ದಾಗಿ ಹೋಗಿ, ಇನ್ನು ಮೇಲೆ ಮಕ್ಕಳನ್ನು ಕರೆಯಬೇಡಿ ಎಂದು ಬೇಡಿಕೊಂಡೆ. ಲಕ್ಷ್ಮಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿ, 'ಮಕ್ಳನ್ನ ಕರೆಯಲ್ಲ ಬಿಡಿ. ಅವು ಓಡ್ಲಿ. ನೀವು ಇಲ್ಲಿ ಕೂತ್ಕೊಳ್ಳಿ ಮಾರಾಯ್ರೆ, ನಾವೆಲ್ಲ ಕರೀತಾ ಇದ್ದದ್ದು ನಿಮ್ಮ ಮುಖ ನೋಡಿ ಅಲ್ವಾ' ಎಂದಳು. ನಾನು ಗುಟ್ಟು ಎಂದುಕೊಂಡಿದ್ದು ಊರಿಗೇ ಗೊತ್ತಿತ್ತು. ಅಂದಿನಿಂದ ಒಂದು ಹೊಸ ಪದ್ಧತಿ ಜಾರಿಗೆ ಬಂತು. ಮಕ್ಕಳು ಸುತ್ತು ಹಾಕಿ ಬರುತ್ತಿದ್ದರು, ನಾನು ಲಕ್ಷ್ಮಕ್ಕನ ಜಗಲಿಯಲ್ಲಿ ಕೂತು ಒಂದು ಕೈಲಿ ಲೋಟ, ಒಂದು ಕೈಲಿ ವಾಚು ಹಿಡಿದು ತರಬೇತಿ ಕೊಡುತ್ತಿದ್ದೆ. ವಾಚು ನಿಲ್ಲಿಸುತ್ತಿರಲಿಲ್ಲ.

ಮುಂದಿನ ವರ್ಷದ ಹೋಬಳಿ ಕೂಟಕ್ಕೆ ನಾನು ಗೆರೆಯ ಹತ್ತಿರ ನಿಲ್ಲಲಿಲ್ಲ. ಬೆಳಿಗ್ಗೆಯೇ ಗುಡ್ಡ ಹತ್ತಿ ಆ ಅಜ್ಜಿಯ ಮನೆಯ ಮುಂದೆ ಕಾವಲು ನಿಂತೆ. ಏಳನೇ ಕ್ಲಾಸು ಎಂದರೆ ಸುಮಿತ್ರಳಿಗೆ ಇದೇ ಕೊನೆಯ ಅವಕಾಶ. ಅಜ್ಜಿಗೆ ವಿಷಯ ತಿಳಿಸಿ, ಮಗು ಓಡಿಬಂದಾಗ ದಯವಿಟ್ಟು ಕರೆಯಬೇಡಿ ಎಂದೆ. 'ಕರೆಯಲ್ಲಮ್ಮ, ನಂಗ್ಯಾಕೆ' ಎಂದರು ಅಜ್ಜಿ, 'ಆದ್ರೆ ನೀವು ಬಿಸಿಲಲ್ಲಿ ನಿಲ್ಲೋದ್ಯಾಕೆ, ಒಳಗೆ ಬನ್ನಿ. ಮಜ್ಜಿಗೆ ಕೊಡ್ತೀನಿ.' ಕಾವಲಿಗೆ ಬಂದವಳು ನಾನು. ಬೇಡ ಎನ್ನಲು ಬಾಯಿ ತೆರೆದೆ. ತೆರೆದ ಬಾಯಿಗೆ ಮಜ್ಜಿಗೆಯೇ ಬಂತು. ಇಂಗಿನ ಒಗ್ಗರಣೆ ಹಾಕಿದ್ದರು. ಎರಡನೆಯ ಲೋಟದ ಅರ್ಧದಲ್ಲಿದ್ದೆ, ರಸ್ತೆಯಲ್ಲಿ ಹೆಜ್ಜೆ ಸಪ್ಪಳ ಕೇಳಿಸಿತು. ಸುಮಿತ್ರ. ಹಿಂದೆ ಯಾರೂ ಇಲ್ಲ. ಅಜ್ಜಿಗೆ ತಾವು ಕೊಟ್ಟ ಮಾತು ಮರೆತುಹೋಯಿತೋ, ಬಾಯಿಗೆ ಅಭ್ಯಾಸವೋ, 'ಬಾ ಮಗಾ, ನಿಮ್ಮ ಟೀಚರೂ ಇಲ್ಲೇ ಇದ್ದಾರೆ' ಎಂದುಬಿಟ್ಟರು. ಸುಮಿತ್ರ ಕತ್ತು ತಿರುಗಿಸಿ ಜಗಲಿಯ ಮೇಲಿದ್ದ ನನ್ನನ್ನೂ ಲೋಟವನ್ನೂ ನೋಡಿದಳು. 'ವಾಪಸ್ ಬರ್ತಾ ಬರ್ತೀನಜ್ಜಿ' ಎಂದಳು. ಕಾಲು ನಿಲ್ಲಲೇ ಇಲ್ಲ. ಅಜ್ಜಿಗೆ ಒಂದಿಷ್ಟೂ ಬೇಜಾರಾಗಲಿಲ್ಲ. 'ಹೂಂ, ಬಾ' ಎಂದು ಒಳಗೆ ಹೋದರು. ನಲವತ್ಮೂರು ವರ್ಷ ಬದುಕಿದ ನನಗೆ ಇಷ್ಟು ಸುಲಭದ ಮಾತೊಂದು ಕನ್ನಡದಲ್ಲಿದೆ ಎಂದು ಹೊಳೆದಿರಲಿಲ್ಲ.

ಅವಳು ಮೊದಲನೆಯವಳಾಗಿ ಗೆರೆ ದಾಟಿದ್ದನ್ನು ಇಡೀ ಹೋಬಳಿ ನೋಡಿತು, ನಾನೊಬ್ಬಳು ನೋಡಲಿಲ್ಲ. ನಾನು ಇಳಿದು ಹೋಗಲು ಚಪ್ಪಲಿ ಮೆಟ್ಟುತ್ತಿರುವಾಗ ಅವಳೇ ಸರ್ಟಿಫಿಕೇಟು ಹಿಡಿದು ಗುಡ್ಡ ಹತ್ತಿ ಬಂದಳು. ಅಜ್ಜಿಗೆ ಬರ್ತೀನಿ ಅಂದಿದ್ದೆನಲ್ಲ ಟೀಚರ್ ಎಂದು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿದಳು. ನನಗೆ ಅಳು ಬಂತು. ಇಂಗು ಖಾರವಾಯಿತು ಎಂದೆ. ತಾಲ್ಲೂಕಿನಲ್ಲಿ ಅವಳು ಐದನೆಯವಳಾದಳು, ಅಲ್ಲಿ ಎಲ್ಲರಿಗೂ ಬೂಟು, ಎಲ್ಲರಿಗೂ ಮೇಷ್ಟ್ರು. ಆದರೂ ಮೂಡಿಗೆರೆಯ ಮೈದಾನದಲ್ಲಿ ನಮ್ಮ ಶಾಲೆಯ ಹೆಸರನ್ನು ಮೈಕಿನಲ್ಲಿ ಕೂಗಿದ್ದನ್ನು ಕಿವಿಯಾರೆ ಕೇಳಿದೆ. ಮಾರ್ಲೀಸಳಿಗೆ ನಾಲ್ಕು ಪುಟದ ಕಾಗದ ಬರೆದೆ.

ಇನ್ಸ್‌ಪೆಕ್ಟರು ಮಾತಿಗೆ ತಪ್ಪುವ ಮನುಷ್ಯರಲ್ಲ, ಪಿ.ಟಿ. ಮೇಷ್ಟ್ರ ಪೋಸ್ಟಿಗೆ ಬರೆದರು. ಮೇಲಿನವರು ಓದಿ ಉತ್ತರವನ್ನೂ ಕಳಿಸಿದರು. ಹೆಡ್‌ಮಾಸ್ಟರು ಅದನ್ನು ಪ್ರಾರ್ಥನೆಯಾದ ಮೇಲೆ ಎಲ್ಲರೆದುರು ಓದಿದರು. ಸದರಿ ಶಾಲೆಯ ಹಾಲಿ ಶಿಕ್ಷಕಿಯೇ ಮಗುವೊಂದನ್ನು ತಾಲ್ಲೂಕು ಮಟ್ಟಕ್ಕೆ ತಯಾರು ಮಾಡಿರುವುದರಿಂದ ಪ್ರತ್ಯೇಕ ದೈಹಿಕ ಶಿಕ್ಷಕರ ಅಗತ್ಯ ಕಂಡುಬರುವುದಿಲ್ಲ, ಅಲ್ಲದೆ ಸದರಿಯವರನ್ನೇ ಇಡೀ ಹೋಬಳಿಯ ಗುಡ್ಡಗಾಡು ಓಟದ ತರಬೇತಿಗೆ ನೇಮಿಸಬಹುದು, ಒಪ್ಪಿಗೆ ಪತ್ರ ಕಳಿಸುವುದು. ಮಕ್ಕಳು ಚಪ್ಪಾಳೆ ಹೊಡೆದವು. ಇದನ್ನು ಹೀಗೇ ಬಿಡಬಾರದು ಎಂದು ಅಂದೇ ಮಧ್ಯಾಹ್ನದ ಬಸ್ಸು ಹಿಡಿದೆ. ಆಗುವುದಿಲ್ಲ ಸಾರ್, ನನ್ನ ಕೈಲಾಗುವುದಿಲ್ಲ, ನಾನು ಓಡಿದವಳೇ ಅಲ್ಲ ಎಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಪಕ್ಕದಲ್ಲಿ ಕೂತಿದ್ದವರು ಒಂದೆರಡು ಸಲ ತಿರುಗಿ ನೋಡಿದರು. ಆಫೀಸಿನ ಮೆಟ್ಟಿಲು ಹತ್ತಿ, ಬಾಗಿಲು ತಳ್ಳಿ, ನೆಟ್ಟಗೆ ನಿಂತೆ.

ಇನ್ಸ್‌ಪೆಕ್ಟರು ಫೈಲಿನಿಂದ ತಲೆಯೆತ್ತಿ, 'ಓ, ಬನ್ನಿ ಟೀಚರ್, ಬನ್ನಿ. ಮೊದಲು ಕೂತ್ಕೊಳ್ಳಿ, ಒಂದ್ಲೋಟ ಕಾಫಿ ಕುಡೀರಿ' ಎಂದರು.

ಕುಡಿದೆ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಸಂಜೆಯ ಬಸ್ಸಿಗೆ ಬಂದೆ.